ಮೂರನೇ ಸೇತುವೆಯಲ್ಲಿ ಬಿದ್ದವನು

ಬೆಳಿಗ್ಗೆ ಎಂಟು ಗಂಟೆಗೆ ಬಾಗಿಲು ತೆಗೆದಾಗ ಟಿವಿ ಇನ್ನೂ ಓಡುತ್ತಿತ್ತು. ಪರದೆಯ ಮೇಲೆ ಬೆರಳುದ್ದದ ಅಂಚೆಯವನೊಬ್ಬ ಚೀಲ ಹೊತ್ತು ಓಡುತ್ತಿದ್ದ. ಒಂದು ಸೇತುವೆ ಹಾರಿದ. ಎರಡನೆಯದನ್ನೂ ಹಾರಿದ. ಮೂರನೆಯದರಲ್ಲಿ ಕಾಲು ತಪ್ಪಿ ನೀರಿಗೆ ಬಿದ್ದ. ಒಂದು ರಾಗ ಬಂತು. ಮತ್ತೆ ಮೊದಲಿನಿಂದ ಓಡತೊಡಗಿದ.

ಆಟ ಆಡಬೇಕಾದವನು ಕೆಲಸದ ಮೇಜಿನ ಪಕ್ಕ ಅಂಗಾತ ಬಿದ್ದಿದ್ದ. ತಲೆಯ ಕೆಳಗೆ ರಕ್ತ ಒಣಗಿ ಕಪ್ಪಾಗಿತ್ತು.

ಬದಲಿ ಕೀಲಿ ತಂದಿದ್ದ ವಾಚ್‌ಮನ್ ಹೊಸ್ತಿಲಲ್ಲೇ ನಿಂತುಬಿಟ್ಟ. ಅವನನ್ನು ಕರೆತಂದವರು ಕೆಳಗಿನ ಮನೆಯ ಮುದುಕಿ. ಮೂವತ್ತೊಂದು ವರ್ಷ ಟೆಲಿಫೋನ್ ಆಪರೇಟರ್ ಆಗಿದ್ದವರು. ಇಡೀ ಕಟ್ಟಡಕ್ಕೆ ಎಕ್ಸ್‌ಚೇಂಜ್ ಅಮ್ಮ. ಕಣ್ಣು ಮಂಜಾಗಿ ಮೂರು ವರ್ಷವಾಗಿತ್ತು.

"ಏನಪ್ಪಾ, ಯಾಕೆ ಸುಮ್ನಾದೆ? ಇದ್ದಾನಾ?" ಎಂದು ಕೇಳಿದರು.

"ಇದ್ದಾರಮ್ಮ," ಎಂದ ವಾಚ್‌ಮನ್. ಆಮೇಲೆ, "ಇಲ್ಲ," ಎಂದ.

*

ಅರ್ಧ ಗಂಟೆಯಲ್ಲಿ ಇನ್‌ಸ್ಪೆಕ್ಟರ್ ಬಂದಳು. ಈ ಠಾಣೆಗೆ ವರ್ಗವಾಗಿ ನಾಲ್ಕು ತಿಂಗಳಾಗಿತ್ತು. ಕ್ವಾರ್ಟರ್ಸಿನಲ್ಲಿ ಇನ್ನೂ ಎರಡು ಪೆಟ್ಟಿಗೆ ಬಿಚ್ಚಿರಲಿಲ್ಲ. ಬಿಚ್ಚಿ ಎಂದು ಹೇಳುವವರೂ ಇರಲಿಲ್ಲ. ಜೊತೆಗೆ ಹೆಡ್ ಕಾನ್‌ಸ್ಟೆಬಲ್ ಇದ್ದ. ಠಾಣೆಯಲ್ಲಿ ಎಲ್ಲರೂ ಅವನನ್ನು ಮೀಸೆ ಎನ್ನುತ್ತಿದ್ದರು. ಮೀಸೆ ಬೋಳಿಸಿ ಆರು ವರ್ಷವಾಗಿತ್ತು. ಹೆಸರು ಮಾತ್ರ ಬೋಳಾಗಲಿಲ್ಲ.

"ಮೇಡಂ, ಇದನ್ನ ಯಾರು ಆಡ್ತಿರೋದು?" ಮೀಸೆ ಟಿವಿಯಿಂದ ಕಣ್ಣು ಕೀಳಲಿಲ್ಲ.

"ಯಾರೂ ಗುಂಡಿ ಒತ್ತದಿದ್ರೆ ಅದೇ ಆಡುತ್ತೆ. ಅಂಗಡೀಲಿ ಗಿರಾಕಿ ಕರೆಯೋಕೆ ಅಂತ ಹಾಗೆ ಇಟ್ಟಿರ್ತಾರೆ."

ಅವಳು ಕೋಣೆಯನ್ನು ನಿಧಾನವಾಗಿ ನೋಡಿದಳು. ಒಂದೇ ಕುರ್ಚಿ. ಒಂದೇ ಲೋಟ, ತೊಳೆದು ಬೋರಲು ಹಾಕಿದ್ದು. ಗೋಡೆಯ ತುಂಬ ಹಳೆಯ ವಿಡಿಯೋ ಗೇಮಿನ ಕ್ಯಾಸೆಟ್ಟುಗಳು. ಮೇಜಿನ ಮೇಲೆ ಬೆಸುಗೆ ಕಡ್ಡಿ, ಭೂತಗನ್ನಡಿ, ಗುಂಡು ಹಾರಿಸುವ ಆಟದ ಪ್ಲಾಸ್ಟಿಕ್ ಬಂದೂಕು. ಟಿವಿಯ ಕೆಳಗೆ ಬೂದು ಬಣ್ಣದ ಚಿಕ್ಕ ಪೆಟ್ಟಿಗೆ. ನೋಡಲು ಮೂವತ್ತು ವರ್ಷ ಹಿಂದಿನ ಗೇಮಿನ ಪೆಟ್ಟಿಗೆಯೇ. ಆದರೆ ಒಳಗಿನದೆಲ್ಲ ಹೊಸದು. ಹಳೆಯ ಯಂತ್ರ ಹೇಗೆ ನಡೆಯುತ್ತಿತ್ತೋ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಹಾಗೇ ನಡೆಯುವಂತೆ ಮತ್ತೆ ಕಟ್ಟಿದ್ದು. ಹಳೆಯ ಕ್ಯಾಸೆಟ್ಟು ತುರುಕಿದರೆ ಇವತ್ತಿನ ಚಪ್ಪಟೆ ಟಿವಿಯಲ್ಲಿ ಅಂದಿನ ಆಟ ಬರುತ್ತಿತ್ತು. ವೈರಿಲ್ಲದ ರಿಮೋಟು ಕುರ್ಚಿಯ ಮೇಲಿತ್ತು.

ಡಾಕ್ಟರು ಮೊಣಕಾಲೂರಿ ಕೂತಿದ್ದರು.

"ಮೇಜಿನ ಕಬ್ಬಿಣದ ಮೂಲೆ ತಲೆಗೆ ಬಡಿದಿದೆ. ತಾನಾಗಿ ಬಿದ್ದಿದ್ದಲ್ಲ. ಅಂಗಿ ಗುಂಡಿ ಎರಡು ಕಿತ್ತುಬಂದಿದೆ, ಎದೆ ಮೇಲೆ ಕೈ ಒತ್ತಿದ ಗುರುತಿದೆ. ಯಾರೋ ಹಿಡಿದು ತಳ್ಳಿದ್ದಾರೆ."

"ಎಷ್ಟು ಹೊತ್ತಿಗೆ?"

"ನಿನ್ನೆ ಮಧ್ಯಾಹ್ನ ಮೂರೂವರೆಯಿಂದ ರಾತ್ರಿ ಒಂಬತ್ತರೊಳಗೆ ಜೀವ ಹೋಗಿದೆ. ಅದಕ್ಕಿಂತ ಹತ್ತಿರ ಹೇಳೋಕಾಗಲ್ಲ." ಡಾಕ್ಟರು ಕೈಗವಸು ಕಳಚಿದರು. "ಇನ್ನೊಂದು ಮಾತು. ಪೆಟ್ಟು ಬಿದ್ದ ತಕ್ಷಣ ಸತ್ತಿಲ್ಲ. ಒಂದು ಗಂಟೆಯಾದ್ರೂ ಉಸಿರಿತ್ತು."

"ಆಸ್ಪತ್ರೆಗೆ ಸೇರಿಸಿದ್ರೆ?"

"ಬದುಕ್ತಿದ್ದ ಅನ್ಸುತ್ತೆ."

ಬಾಗಿಲ ಪಕ್ಕ ಒಂದು ಬ್ಯಾಗಿತ್ತು. ಇನ್‌ಸ್ಪೆಕ್ಟರ್ ಜಿಪ್ ಎಳೆದಳು. ಇಸ್ತ್ರಿ ಮಾಡಿದ ಎರಡು ಅಂಗಿ. ಟವೆಲ್ಲು. ಬೆಲೆಯ ಚೀಟಿ ಇನ್ನೂ ಕೀಳದ ಹೊಸ ಬೂಟು. ಮೇಲಿನ ಜೇಬಿನಲ್ಲಿ ನಿನ್ನೆ ಸಂಜೆ ನಾಲ್ಕರ ರೈಲಿನ ಟಿಕೆಟ್ಟು.

*

ವಾಚ್‌ಮನ್ ಗೇಟಿನ ಪುಸ್ತಕ ತಂದ. ನಿನ್ನೆ ಮೇಲಿನ ಮನೆಗೆ ಇಬ್ಬರು ಬಂದಿದ್ದರು.

"ಮೊದಲು ಅವರ ಅಣ್ಣ ಬಂದ್ರು. ಒಂದೂವರೆಗೆ ಬಂದು ಮೂರು ಗಂಟೆಗೆ ಹೋದ್ರು. ಹೋಗ್ತಾ, 'ತಮ್ಮ ಆಟಕ್ಕೆ ಕೂತಿದ್ದಾನೆ, ಯಾರನ್ನೂ ಕಳಿಸಬೇಡ' ಅಂದ್ರು. ಏಳು ಗಂಟೆಗೆ ನೀರಿನ ಮೋಟಾರ್ ಹಾಕೋಕೆ ಮೇಲೆ ಹೋದಾಗ ಆಟದ ಸದ್ದು ಕೇಳಿಸ್ತಿತ್ತು."

"ಇನ್ನೊಬ್ಬರು?"

"ಡಬ್ಬಿ ಸಾಹೇಬ್ರು. ಏಳೂವರೆಗೆ. ನಾನು ಬೇಡ ಅಂದ್ರೂ ಹತ್ತಿ ಹೋದ್ರು. ಬಾಗಿಲು ಮುರಿಯೋ ಹಾಗೆ ಬಡಿದ್ರು. 'ನಿನ್ನ ಸುಮ್ನೆ ಬಿಡಲ್ಲ' ಅಂತ ಕೂಗಾಡಿದ್ದು ಗೇಟಿನ ತನಕ ಕೇಳಿಸ್ತು."

ಮೀಸೆ ಇನ್‌ಸ್ಪೆಕ್ಟರ್ ಮುಖ ನೋಡಿದ. ಏಳಕ್ಕೆ ಆಟ ನಡೆಯುತ್ತಿತ್ತು. ಏಳೂವರೆಗೆ ಜಗಳಗಂಟ ಬಂದ. ಒಂಬತ್ತರೊಳಗೆ ಸಾವು.

"ಬೆಣ್ಣೇಲಿ ಕೂದಲು ತೆಗೆದ ಹಾಗೆ ಆಯ್ತಲ್ಲ ಮೇಡಂ," ಎಂದ.

ಅಣ್ಣನಿಗೆ ಫೋನು ಹೋದಾಗ ಗಂಟೆ ಒಂಬತ್ತು. ಅವನು ಬೇರೆ ಊರಲ್ಲಿದ್ದ. ಗೇಮಿನ ಯಂತ್ರ ತಯಾರಿಸುವವರ ಮೇಳದಲ್ಲಿ ಅವನಿಗೆ ಅಂದು ಸನ್ಮಾನ. ನಾಲ್ಕರ ರೈಲಿನಲ್ಲಿ ಹೋಗಿ ರಾತ್ರಿ ಒಂಬತ್ತಕ್ಕೆ ಇಳಿದಿದ್ದ. ಸುದ್ದಿ ಕೇಳಿ ಫೋನಿನಲ್ಲೇ ಅತ್ತ. ಮೀಸೆ ರೈಲ್ವೆಯವರಲ್ಲೂ ಹೋಟೆಲಿನಲ್ಲೂ ವಿಚಾರಿಸಿದ. ಹೇಳಿದ್ದೆಲ್ಲ ನಿಜ.

*

ಡಬ್ಬಿ ಎಂದರೆ ಹಳೆಯ ಗೇಮುಗಳನ್ನು ಒಡೆಯದ ಡಬ್ಬಿಯಲ್ಲೇ ಕೂಡಿಡುವ ಮನುಷ್ಯ. ವೃತ್ತಿಯಿಂದ ಹಲ್ಲಿನ ಡಾಕ್ಟರು. ಠಾಣೆಯ ಬೆಂಚಿನ ಮೇಲೆ ಕೈಕಟ್ಟಿ ಕೂತಿದ್ದ.

"ಯಾಕೆ ಜಗಳ?"

"ಬಂದೂಕು ಕೊಟ್ಟಿದ್ದೆ. ಆಟದ ಬಂದೂಕು. ಹಳೇ ಬಂದೂಕು ಹೊಸ ಟಿವೀಲಿ ಕೆಲಸ ಮಾಡಲ್ಲ, ಹಳೇ ದಪ್ಪ ಟಿವೀನೇ ಬೇಕು. ಅವನು ಅದಕ್ಕೊಂದು ಅಡಾಪ್ಟರ್ ಮಾಡ್ತಿದ್ದ. ಅಳತೆ ನೋಡಿ ಕೊಡ್ತೀನಿ ಅಂದ. ಡಬ್ಬಿ ಸೀಲು ಒಡೀಬೇಡ ಅಂತ ನೂರು ಸಲ ಹೇಳಿದ್ದೆ. ಒಡೆದ."

"ಸೀಲು ಒಡೀದೇ ಒಳಗಿರೋದನ್ನ ಹೇಗೆ ನೋಡ್ತಾರೆ?"

ಡಬ್ಬಿ ಕಟ್ಟಿದ್ದ ಕೈ ಬಿಚ್ಚಿದ. "ಫೋನಲ್ಲಿ ಅವನೂ ಅದನ್ನೇ ಕೇಳಿದ," ಎಂದ.

"ಬಾಗಿಲು ತೆಗೆದ್ರಾ?"

"ಇಲ್ಲ. ಒಳಗೆ ಆಟ ಕೇಳಿಸ್ತಿತ್ತು. ಬೇಕಂತಲೇ ತೆಗೀತಿಲ್ಲ ಅಂತ ಪಿತ್ತ ನೆತ್ತಿಗೇರ್ತು. ಹತ್ತು ನಿಮಿಷ ಬಡಿದು ವಾಪಸ್ ಬಂದೆ." ಅವನು ತಲೆ ತಗ್ಗಿಸಿದ. "ಅವನಿಗೆ ನನ್ನ ಬಿಟ್ಟು ಬೇರೆ ಯಾರೂ ಬರ್ತಿರಲಿಲ್ಲ ಮೇಡಂ. ನನಗೂ ಅಷ್ಟೇ."

ಅವನನ್ನು ಒಳಗೆ ಹಾಕೋಣವೇ ಎಂದು ಮೀಸೆ ಕಣ್ಣಲ್ಲೇ ಕೇಳಿದ. ಇನ್‌ಸ್ಪೆಕ್ಟರ್ ಬೇಡ ಎಂದು ತಲೆಯಾಡಿಸಿದಳು. ನಾಲ್ಕರ ರೈಲಿಗೆ ಬ್ಯಾಗು ಕಟ್ಟಿಟ್ಟವನು ಏಳರ ತನಕ ಆಡುತ್ತಾ ಯಾಕೆ ಕೂತಿದ್ದ? ಈ ಗಂಟು ಬಿಚ್ಚಿರಲಿಲ್ಲ.

*

ಮರುದಿನ ಬೆಳಿಗ್ಗೆ ಅಣ್ಣ ಬಂದ. ಐವತ್ತರ ಆಸುಪಾಸು, ಒಳ್ಳೆಯ ಕೋಟು, ಅತ್ತು ಕೆಂಪಾದ ಕಣ್ಣು. ಇನ್‌ಸ್ಪೆಕ್ಟರ್ ಮೇಜಿನ ಮೇಲೆ ಪತ್ರಿಕೆ ಮಡಿಸಿಟ್ಟಿದ್ದಳು. ಸನ್ಮಾನದ ಫೋಟೋ ಅದರಲ್ಲಿತ್ತು. ಸಮಾರಂಭ ನಡೆದದ್ದು ಹನ್ನೊಂದು ಗಂಟೆಗೆ. ತಮ್ಮನ ಸಾವು ತಿಳಿದು ಎರಡು ಗಂಟೆ ಕಳೆದ ಮೇಲೆ.

"ವೇದಿಕೆ ಮೇಲೆ ಹೋದ್ರಾ?"

"ಅವನಿಗೋಸ್ಕರವೇ ಹೋದೆ," ಎಂದ ಅಣ್ಣ.

"ತಮ್ಮ ಏನು ಕೆಲಸ ಮಾಡ್ತಿದ್ರು?"

"ನನಗೆ ಸಹಾಯ. ಬೆಸುಗೆ ಹಾಕೋದು, ಡಬ್ಬಿಗೆ ತುಂಬೋದು. ಮಿಷನ್ ನಂದು. ಒಂದೊಂದು ಸಾಲೂ ನಾನೇ ಬರೆದಿದ್ದು. ಅವನಿಗೆ ಜನ ಅಂದ್ರೆ ಆಗ್ತಿರಲಿಲ್ಲ. ಆರು ವರ್ಷದಿಂದ ಆ ಕೋಣೇಲೇ ಇದ್ದ."

"ನೀವು ಹೊರಡುವಾಗ?"

"ಆಡ್ತಿದ್ದ. ಕೊನೇ ಅರ್ಧ ಗಂಟೆ ನಾನೂ ಪಕ್ಕದಲ್ಲೇ ನಿಂತು ನೋಡಿದೆ. ರೈಲಿಗೆ ಬರ್ತೀನಿ ಅಂತ ಟಿಕೆಟ್ಟೂ ತೆಗೆದಿದ್ದ. ಕೊನೇ ಗಳಿಗೇಲಿ ಬೇಡ ಅಂದ. ಹೊಸ್ತಿಲು ದಾಟೋಕೆ ಭಯ."

ಕೇಳಿದ್ದಕ್ಕೆಲ್ಲ ಉತ್ತರವಿತ್ತು. ಕೇಳುವ ಮೊದಲೇ ಟಿಕೆಟ್ಟಿನ ಮಾತೂ ಬಂದಿತ್ತು. ಅವನು ಹೋದ ಮೇಲೆ ಮೀಸೆ ನಿಟ್ಟುಸಿರು ಬಿಟ್ಟ.

"ಪಾಪ. ಒಡಹುಟ್ಟಿದವನು."

"ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೀತಾ ದಾಯಾದಿಗಳು ಅಂತಾರೆ," ಎಂದು ಇನ್‌ಸ್ಪೆಕ್ಟರ್ ಟೋಪಿ ತೆಗೆದುಕೊಂಡಳು. "ಕೆಳಗಿನ ಮನೆಯವರನ್ನ ನಾವು ಸರಿಯಾಗಿ ಕೇಳಲೇ ಇಲ್ಲ."

*

ಎಕ್ಸ್‌ಚೇಂಜ್ ಅಮ್ಮನ ಮನೆಯಲ್ಲಿ ಎಲ್ಲವೂ ಗೋಡೆಗೆ ಅಂಟಿಕೊಂಡಿತ್ತು, ನಡೆಯುವಾಗ ಎಡವದಿರಲೆಂದು. ಕುರ್ಚಿ ಮಾತ್ರ ನಡುವೆ, ಮೇಲಿನ ಟಿವಿಗೆ ಸರಿಯಾಗಿ ಕೆಳಗೆ.

"ನಿನ್ನೆ ನಿಮ್ಮ ಪೇದೆ ಕೇಳಿದ, ಸಂಜೆ ಆಟದ ಸದ್ದು ಬರ್ತಿತ್ತಾ ಅಂತ. ಹೂಂ ಅಂದೆ. ಬರ್ಕೊಂಡು ಹೋದ."

"ನಾನು ಬೇರೆ ಕೇಳ್ತೀನಮ್ಮ. ಸದ್ದು ಹೇಗಿತ್ತು?"

ಮುದುಕಿಯ ಮುಖ ಬದಲಾಯಿತು. ಯಾರೂ ಕೇಳದಿದ್ದ ಪ್ರಶ್ನೆ ಅದು.

"ನೋಡು ಮಗಳೇ, ಅವನ ಮುಖ ನನಗೆ ಗೊತ್ತಿಲ್ಲ. ಮೆಟ್ಟಿಲ ಮೇಲೆ ಎದುರಾದ್ರೆ ಗೋಡೆ ಕಡೆ ಮುಖ ತಿರುಗಿಸಿ ನಿಲ್ತಿದ್ದ. ಆದ್ರೆ ಅವನ ಆಟ ಗೊತ್ತು. ಆರು ವರ್ಷ ಕೇಳಿದ್ದೀನಿ. ಹಾರಿದ್ರೆ ಟುಯ್ ಅನ್ನುತ್ತೆ. ನೀರಿಗೆ ಬಿದ್ರೆ ಇಳಿದು ಇಳಿದು ಹೋಗೋ ಒಂದು ಸದ್ದು. ಮೊದಲ ವರ್ಷ ಮೂರನೇ ಹಾರೋದರಲ್ಲಿ ಬೀಳ್ತಿದ್ದ. ಆಮೇಲೆ ಕಲಿತ. ಐದು ವರ್ಷದಿಂದ ಅಲ್ಲಿ ಬಿದ್ದೇ ಇಲ್ಲ."

"ಮೊನ್ನೆ?"

"ಊಟದ ಹೊತ್ತಿಗೆ ಚೆನ್ನಾಗೇ ಆಡಿದ. ಕೊನೇ ತನಕ ಹೋದ. ಆಮೇಲೆ ನಿಲ್ಲಿಸಿದ. ಮಾತು ಕೇಳಿಸ್ತು, ಗಂಡಸರ ದನಿ. ಏನಂತ ಗೊತ್ತಾಗಲಿಲ್ಲ. ಏನೋ ಬಿದ್ದ ಹಾಗೆ ದಪ್ ಅಂತು. ಅವನು ಯಾವಾಗ್ಲೂ ಏನಾದ್ರೂ ಬೀಳಿಸ್ತಾನೆ ಇರ್ತಾನೆ. ಸ್ವಲ್ಪ ಹೊತ್ತಿಗೆ ಮತ್ತೆ ಆಟ ಶುರುವಾಯ್ತು. ಮೂರನೇದರಲ್ಲಿ ಬಿದ್ದ. ಮತ್ತೆ ಶುರು. ಮತ್ತೆ ಅಲ್ಲೇ."

"ಎಷ್ಟು ಗಂಟೆಗೆ ಶುರುವಾಯ್ತು?"

"ರೇಡಿಯೋದಲ್ಲಿ ಮೂರರ ವಾರ್ತೆ ಇನ್ನೂ ಬಂದಿರಲಿಲ್ಲ. ಕಾಫಿಗೆ ಎದ್ದಾಗ ಹಾಗಾಗೋದುಂಟು, ಒಂದೆರಡು ಸಲ ಬೀಳುತ್ತೆ, ಆಮೇಲೆ ಬಂದು ಸರಿ ಮಾಡ್ತಾನೆ. ಮೊನ್ನೆ ಬರಲೇ ಇಲ್ಲ." ಅವರು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಯಾಕಪ್ಪ ಇವತ್ತು ಹೀಗೆ, ಮೈ ಸರಿ ಇಲ್ವೇನೋ ಅನ್ಕೊಂಡೆ. ಹೋಗಿ ಕೇಳೋಣ ಅಂತ ಚಪ್ಪಲೀನೂ ಮೆಟ್ಟಿದ್ದೆ. ಆರು ವರ್ಷದಲ್ಲಿ ಒಂದು ದಿನ ಮಾತಾಡಿಸಿಲ್ಲ, ಈಗ ಹೋಗಿ ಏನಂತ ಕೇಳಲಿ? ನೀನ್ಯಾಕೆ ಬೀಳ್ತಿದ್ದೀಯ ಅಂತಲೇ? ಚಪ್ಪಲಿ ಬಿಟ್ಟು ಕೂತ್ಕೊಂಡೆ. ದಿನಾ ಒಂಬತ್ತಕ್ಕೆ ಆರಿಸೋನು ರಾತ್ರಿಯೆಲ್ಲ ಆರಿಸಲಿಲ್ಲ. ಬೆಳಿಗ್ಗೆ ತಡೀಲಾರದೆ ಹತ್ತಿದೆ."

ಇನ್‌ಸ್ಪೆಕ್ಟರ್ ಟಿಪ್ಪಣಿ ಪುಸ್ತಕ ಮುಚ್ಚಿದಳು. ಒಂದು ಗಂಟೆಯಾದರೂ ಉಸಿರಿತ್ತು ಎಂಬ ಡಾಕ್ಟರ ಮಾತು ನಾಲಗೆಯ ತುದಿಗೆ ಬಂದಿತ್ತು. ನುಂಗಿಕೊಂಡಳು.

*

ಡಬ್ಬಿಯನ್ನು ಮೇಲಿನ ಕೋಣೆಗೆ ಕರೆಸಿದಳು.

"ಈ ಮಿಷನ್ ಆನ್ ಮಾಡಿದ್ರೆ ನೇರ ಆಟ ಬರುತ್ತಾ?"

"ಹಳೇದರಲ್ಲಿ ಬರ್ತಿತ್ತು. ಇದರಲ್ಲಿ ಮೊದಲು ಪಟ್ಟಿ ಬರುತ್ತೆ. ಕ್ಯಾಸೆಟ್ಟು ಅಂತ ಆರಿಸಿ ಗುಂಡಿ ಒತ್ತಬೇಕು. ಒತ್ತಿ ಸುಮ್ನೆ ಬಿಟ್ರೆ ಅರ್ಧ ನಿಮಿಷಕ್ಕೆ ತಾನೇ ಆಡೋಕೆ ಶುರು ಮಾಡುತ್ತೆ."

"ಯಾವಾಗ ಒತ್ತಿದ್ರು ಅಂತ ತಿಳಿಯೋಕೆ ಸಾಧ್ಯವಾ?"

ಡಬ್ಬಿಯ ಕಣ್ಣು ಅರಳಿತು. "ಹಳೇ ಮಿಷನ್ನಿಗೆ ಗಡಿಯಾರವೇ ಇರಲಿಲ್ಲ. ಅಂಗಡೀಲಿ ಸಿಗೋ ಇದರಲ್ಲೂ ಏನೂ ಉಳಿಯಲ್ಲ. ಆದ್ರೆ ಹದಿನೈದು ದಿನದ ಹಿಂದೆ ಹೊಸ ಸಾಫ್ಟ್‌ವೇರ್ ಬರೆದ. ಪರೀಕ್ಷೆ ಮಾಡೋಕೆ ನನಗೂ ಕಳಿಸಿದ್ದ. ಬೇರೆ ಯಾರಿಗೂ ಇನ್ನೂ ಕೊಟ್ಟಿಲ್ಲ. ಆಟ ಶುರುವಾದ ಹೊತ್ತು, ಕೊನೇ ಗುಂಡಿ ಒತ್ತಿದ ಹೊತ್ತು, ಎರಡೂ ಬರೆದಿಡುತ್ತೆ."

"ಬರೆದವರು ಯಾರು? ಅಣ್ಣ ಅಲ್ವಾ?"

ಡಬ್ಬಿ ಮೊದಲ ಸಲ ನಕ್ಕ. "ಅಣ್ಣನಿಗೆ ಬೆಸುಗೆ ಕಡ್ಡಿ ಯಾವ ತುದಿ ಹಿಡೀಬೇಕು ಅಂತ ಗೊತ್ತಿಲ್ಲ ಮೇಡಂ. ಮಾತು ಅವರದ್ದು, ಮಿಷನ್ ಇವನದ್ದು."

ಅವನು ರಿಮೋಟು ಹಿಡಿದು ಪಟ್ಟಿ ತೆರೆದ. ಕೊನೆಯ ಸಾಲು ನೋಡಿ, ಸರಿದು ನಿಂತ. ಇನ್‌ಸ್ಪೆಕ್ಟರ್ ಓದಿದಳು. ಆಟ ಶುರು, ಎರಡು ಗಂಟೆ ಐವತ್ತೊಂದು ನಿಮಿಷ. ಕೊನೆಯ ಗುಂಡಿ, ಎರಡು ಗಂಟೆ ಐವತ್ತೊಂದು ನಿಮಿಷ.

*

ಅಣ್ಣನ ಆಫೀಸಿನ ಗಾಜಿನ ಕಪಾಟಿನಲ್ಲಿ ಪ್ರಶಸ್ತಿಫಲಕ ಆಗಲೇ ಕೂತಿತ್ತು. ಇನ್‌ಸ್ಪೆಕ್ಟರ್ ಎದುರಿನ ಕುರ್ಚಿ ಎಳೆದುಕೊಂಡಳು. ಮೀಸೆ ಬಾಗಿಲಿಗೆ ಬೆನ್ನು ಕೊಟ್ಟ.

"ಒಂದು ಸಣ್ಣ ವಿಷಯ. ನಿಮ್ಮ ಮಿಷನ್ನು ಆಟದ ಹೊತ್ತು ಬರೆದಿಡುತ್ತಾ?"

"ಇಲ್ಲ. ಹಳೇದು ಹೇಗಿತ್ತೋ ಹಾಗೆ. ಏನೂ ಉಳಿಯಲ್ಲ. ಅದೇ ಅದರ ಚಂದ."

"ಖಾತ್ರಿಯಾಗಿ?"

"ನಾನೇ ಮಾಡಿದ್ದಲ್ವಾ."

"ತಮ್ಮನ ಮಿಷನ್ನು ಬರೆದಿಡುತ್ತೆ. ಹದಿನೈದು ದಿನದಿಂದ. ಮಾಡಿದವರಿಗೆ ಅದು ಗೊತ್ತಿರಬೇಕಿತ್ತು."

ಅವನು ಲೇಖನಿಯ ಮುಚ್ಚಳ ತೆಗೆದ. ಹಾಕಿದ.

"ಹೇಳ್ತೀನಿ ಕೇಳಿ," ಎಂದಳು ಇನ್‌ಸ್ಪೆಕ್ಟರ್. "ನೀವು ಹೊರಟಿದ್ದು ಮೂರಕ್ಕೆ, ಗೇಟಿನ ಪುಸ್ತಕದಲ್ಲಿದೆ. ಅದಕ್ಕೆ ಮುಂಚೆ ಅರ್ಧ ಗಂಟೆ ತಮ್ಮ ಆಡೋದನ್ನ ನೋಡಿದೆ ಅಂದ್ರಿ. ಎರಡು ಐವತ್ತೊಂದಕ್ಕೆ ಒಂದು ಗುಂಡಿ ಒತ್ತಿದ್ದು ಬಿಟ್ರೆ ಆಮೇಲೆ ಯಾರೂ ಆ ರಿಮೋಟು ಮುಟ್ಟಿಲ್ಲ. ನೀವು ಹೊರಡುವಾಗ ಅವರು ಆಡ್ತಿರಲಿಲ್ಲ. ನೆಲದ ಮೇಲಿದ್ರು. ಎಳೆದರೆ ತಾನೇ ಬೀಗ ಬೀಳೋ ಬಾಗಿಲು ಎಳ್ಕೊಂಡ್ರಿ. ಆಟದ ಸದ್ದು ಇರೋ ತನಕ ಮನುಷ್ಯ ಇದ್ದಾನೆ ಅಂತ ಎಲ್ರೂ ನಂಬ್ತಾರೆ. ಅಷ್ಟು ಹೊತ್ತಿಗೆ ನೀವು ರೈಲಲ್ಲಿ. ವಾಚ್‌ಮನ್ ನಂಬಿದ, ಡಬ್ಬಿಯವರು ನಂಬಿದ್ರು, ನಾವೂ ನಂಬಿದ್ವಿ. ಕೆಳಗಿನ ಮನೆಯವರೊಬ್ಬರು ನಂಬಲಿಲ್ಲ. ನಿಮ್ಮ ತಮ್ಮ ಐದು ವರ್ಷದಿಂದ ಮೂರನೇ ಸೇತುವೇಲಿ ಬಿದ್ದಿರಲಿಲ್ಲ. ಅವತ್ತು ಮಧ್ಯಾಹ್ನದಿಂದ ಬರೀ ಬಿದ್ದ. ಆಡ್ತಿದ್ದಿದ್ದು ಅವನಲ್ಲ ಅಂತ ಅವರ ಕಿವಿಗೆ ಗೊತ್ತಾಗಿತ್ತು."

ಅಣ್ಣ ಲೇಖನಿ ಕೆಳಗಿಟ್ಟ.

"ನಾನೂ ಬರ್ತೀನಿ ಅಂದ. ಆರು ವರ್ಷದಲ್ಲಿ ಮೊದಲ ಸಲ. ಹೊಸ ಬೂಟು ತಂದಿದ್ದ."

"ವೇದಿಕೆ ಬೇಕು ಅಂದ್ನಾ?"

"ಇಲ್ಲ. ಕೊನೇ ಸಾಲಲ್ಲಿ ಕೂತ್ಕೋತೀನಿ ಅಂದ. ಅಲ್ಲಿ ಯಾರಾದ್ರೂ ಮಿಷನ್ ಬಗ್ಗೆ ಪ್ರಶ್ನೆ ಕೇಳಿದ್ರೆ ನಿನಗೆ ತೊಂದ್ರೆ ಆಗುತ್ತೆ ಅಣ್ಣ, ನಾನು ಕೂತಲ್ಲಿಂದ ಸನ್ನೆ ಮಾಡ್ತೀನಿ ಅಂದ. ಸನ್ನೆ ಹೇಗೆ ಅಂತ ಮಾಡಿ ತೋರಿಸಿದ. ಹೌದು ಅಂದ್ರೆ ಹೀಗೆ, ಇಲ್ಲ ಅಂದ್ರೆ ಹೀಗೆ." ಅವನ ಕೈ ಮೇಜಿನಿಂದ ಸ್ವಲ್ಪ ಮೇಲೆದ್ದು ಮತ್ತೆ ಬಿತ್ತು. "ಅವನು ಅಣಕಿಸ್ಲಿಲ್ಲ. ಅಣಕಿಸಿದ್ರೆ ನಕ್ಕು ಬಿಡ್ತಿದ್ದೆ. ನಿಜವಾಗ್ಲೂ ಸಹಾಯ ಮಾಡೋಕೆ ಬಂದಿದ್ದ. ನನಗೆ ಏನೂ ಗೊತ್ತಿಲ್ಲ ಅನ್ನೋದು ಅವನಿಗೆ ಅಷ್ಟು ಸಹಜವಾಗಿತ್ತು. ಕೊರಳಪಟ್ಟಿ ಹಿಡಿದೆ. ತಳ್ಳಿದೆ."

"ಉಸಿರಿದ್ದಿದ್ದು ಗೊತ್ತಿತ್ತಾ?"

ಅಣ್ಣ ಕಪಾಟಿನ ಫಲಕದತ್ತ ನೋಡಿದ.

"ಗೊತ್ತಿತ್ತಾ ಅಂತ ಕೇಳಿದೆ."

"ಗೊತ್ತಿತ್ತು," ಎಂದ. "ಫೋನು ಕೈಗೆ ತಗೊಂಡೆ. ಅವನಿಗೆ ಎಚ್ಚರ ಬಂದ್ರೆ ಏನು ಹೇಳ್ತಾನೋ ಅನ್ನಿಸ್ತು. ಫೋನು ಇಟ್ಟು ರಿಮೋಟು ತಗೊಂಡೆ. ಸದ್ದು ಕೆಳಗೆ ಕೇಳಿಸುತ್ತೆ ಅಂತ ಗೊತ್ತಿತ್ತು. ಯಾರೋ ಕೂತು ಕೇಳಿಸ್ಕೊಳ್ತಿರ್ತಾರೆ ಅಂತ ಗೊತ್ತಿರಲಿಲ್ಲ."

"ಅವನಿಗೂ ಗೊತ್ತಿರಲಿಲ್ಲ," ಎಂದಳು ಇನ್‌ಸ್ಪೆಕ್ಟರ್.

ಮೀಸೆ ಬಾಗಿಲು ತೆರೆದ.

*

ಶವ ಬಿಟ್ಟುಕೊಡಬೇಕಿತ್ತು. ಅಣ್ಣ ಲಾಕಪ್ಪಿನಲ್ಲಿ. ಅತ್ತಿಗೆ ಮನೆಗೆ ಬೀಗ ಹಾಕಿ ತವರಿಗೆ ಹೋಗಿದ್ದಳು, ಫೋನಿನಲ್ಲಿ ತನಗೆ ಸಂಬಂಧವಿಲ್ಲ ಎಂದಳು. ಇನ್ನು ಯಾರೂ ಇರಲಿಲ್ಲ. ಡಬ್ಬಿ ಗಾಡಿ ತಂದು ಆಸ್ಪತ್ರೆಯ ಹಿಂಬಾಗಿಲಲ್ಲಿ ನಿಲ್ಲಿಸಿದ. ಹಿಂದಿನ ಸೀಟಿನಿಂದ ಎಕ್ಸ್‌ಚೇಂಜ್ ಅಮ್ಮ ಇಳಿದರು.

ಗುಮಾಸ್ತ ಅರ್ಜಿ ಮುಂದಿಟ್ಟ. ಇನ್‌ಸ್ಪೆಕ್ಟರ್ ಮುದುಕಿಯ ಬೆರಳನ್ನು ಸಹಿಯ ಜಾಗಕ್ಕೆ ತಂದಿಟ್ಟಳು. ಅಕ್ಷರ ಓರೆಯಾಗಿದ್ದರೂ ಸ್ಪಷ್ಟವಾಗಿತ್ತು.

"ಮೃತರಿಗೆ ಏನು ಸಂಬಂಧ?" ಗುಮಾಸ್ತ ತಲೆಯೆತ್ತದೆ ಕೇಳಿದ. "ಇಲ್ಲಿ ಒಂದು ಕಾಲಮ್ಮಿದೆ. ಖಾಲಿ ಬಿಡೋ ಹಾಗಿಲ್ಲ."

ಎಕ್ಸ್‌ಚೇಂಜ್ ಅಮ್ಮ ಇನ್‌ಸ್ಪೆಕ್ಟರ್ ಕಡೆ ಮುಖ ತಿರುಗಿಸಿದರು. "ಏನಂತ ಬರೆಸಲಿ ಮಗಳೇ?"

ಇನ್‌ಸ್ಪೆಕ್ಟರ್ ಲೇಖನಿ ತೆಗೆದುಕೊಂಡು ತಾನೇ ಬರೆದಳು. ಕೆಳಗಿನ ಮನೆಯವರು.

ಗುಮಾಸ್ತ ಅದನ್ನು ಎರಡು ಸಲ ಓದಿದ. ಮುದುಕಿಯನ್ನು ನೋಡಿದ. ಮುದ್ರೆ ಒತ್ತಿದ.